ಪ್ರಶ್ನೆ ಕೇಳಲು ಬಿಡಿ, ಊಟ ಸ್ವಲ್ಪ ತಡವಾಗಲಿ

ಮಾನ್ಯ ಸಂಪಾದಕರೇ,

ಫೆಬ್ರವರಿ, ಮಾರ್ಚ್ ಬಂತೆಂದರೆ ಮಂಡ್ಯ, ಮೈಸೂರಿನ ಕಾಲೇಜುಗಳಲ್ಲಿ ಸೆಮಿನಾರ್‌ಗಳ ಸುಗ್ಗಿ. ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪರಿಶೀಲನೆ ಇರುವ ವರ್ಷವಾದರಂತೂ ಕೇಳುವುದೇ ಬೇಡ. ಗೇಟಿನ ಮುಂದೆ ಫ್ಲೆಕ್ಸ್, ಫ್ಲೆಕ್ಸಿನ ತುಂಬ ಮುಖಗಳು, ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ವಿಷಯ. ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಸೆಮಿನಾರ್ ನಡೆಸಿದ್ದೇನೆ, ಪ್ರಬಂಧ ಓದಿದ್ದೇನೆ. ಈಗ ಪುರುಸೊತ್ತಿರುವುದರಿಂದ ಎಲ್ಲಿ ನಡೆದರೂ ಹೋಗಿ ಕೂರುತ್ತೇನೆ. ಕೂತು ಕೂತು ಹೇಳಬೇಕೆನಿಸಿದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಬೇಕಾದರೆ ಕತ್ತರಿಸಿಕೊಳ್ಳಿ.

ಈಚೆಗೆ ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ಹಳ್ಳಿಗಳ ಆರ್ಥಿಕತೆ ಬಗ್ಗೆ ವಿಚಾರ ಸಂಕಿರಣ ಇತ್ತು. ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ಅಧ್ಯಯನದ ಬಗ್ಗೆ ಮಾತಾಡಿದಳು. ಎಪ್‌ಸ್ಟೈನ್ 1950ರ ದಶಕದಲ್ಲಿ ಬಂದು ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಹತ್ತಿರದಿಂದ ನೋಡಿದವರು. ಊರುಗಳ ನಿಜವಾದ ಹೆಸರು ಮರೆಸಿ ವಂಗಲ, ದಲೇನ ಅಂತ ಕರೆದರು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು. ದಲೇನ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ನೀರು ಕಂಡ ಊರಿನವರು ಕಬ್ಬು ಬೆಳೆದು ನಾಲ್ಕು ಕಾಸು ನೋಡಿದರು. ಆದರೆ ಬೇಸಾಯವನ್ನೇ ಹಿಡಿದುಕೊಂಡರು, ಊರಿನ ಹಳೇ ಕಟ್ಟುಪಾಡು ಹೆಚ್ಚೇನೂ ಅಲುಗಲಿಲ್ಲ. ನೀರಿಲ್ಲದ ಊರಿನವರು ಕೆಲಸ, ವ್ಯಾಪಾರ ಅಂತ ಮಂಡ್ಯದ ಕಡೆ ಮುಖ ಮಾಡಿದರು. ಬದಲಾವಣೆ ಜಾಸ್ತಿ ಆದದ್ದು ಅಲ್ಲೇ. ನೀರು ಬಂದರೆ ಎಲ್ಲ ಬದಲಾಗುತ್ತದೆ ಅಂತ ನಂಬಿದ್ದವರಿಗೆ ಇದು ಅಚ್ಚರಿಯ ಮಾತು. ಹುಡುಗಿ ಚೆನ್ನಾಗಿ ಓದಿಕೊಂಡು ಬಂದಿದ್ದಳು.

ಆಗ ಸನ್ಮಾನಕ್ಕೆಂದು ಕರೆಸಿದ್ದ ಮಳವಳ್ಳಿ ಕಡೆಯ ರೈತರೊಬ್ಬರು ಕೈ ಎತ್ತಿದರು. "ಅಲ್ಲ ಕಣವ್ವಾ, ನಮ್ಮೂರು ನಾಲೆ ಕೊನೇಲೈತೆ. ಕಾಗದದಲ್ಲಿ ನೀರಾವರಿ ಊರು. ಕಟ್ಟು ನೀರು ಬುಟ್ರೆ ನಮ್ಮ ಗಂಟ ಬರದೇ ಇಲ್ಲ. ಹಂಗಾರೆ ನಮ್ದು ಆ ಎರಡ್ರಲ್ಲಿ ಯಾವ ಊರು?" ಕಟ್ಟು ನೀರು ಅಂದರೆ ಸರದಿ ಮೇಲೆ ನಾಲೆಗೆ ಬಿಡುವ ನೀರು.

ಹುಡುಗಿಯ ಮುಖ ಅರಳಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ನಿರೂಪಕರು ಮೈಕ್ ತೆಗೆದುಕೊಂಡರು. "ಸಮಯದ ಅಭಾವ ಇರುವುದರಿಂದ ಚರ್ಚೆಯನ್ನು ಊಟದ ಹೊತ್ತಿನಲ್ಲಿ ಮುಂದುವರಿಸಬಹುದು." ಊಟಕ್ಕೆ ಅತಿಥಿಗಳ ಕೋಣೆ ಬೇರೆ, ಉಳಿದವರ ಸಾಲು ಬೇರೆ. ಅವರಿಬ್ಬರೂ ಮತ್ತೆ ಎದುರಾಗಲೇ ಇಲ್ಲ.

ಆ ರೈತರು ಕೇಳಿದ್ದು ಒಂದು ಪಿಎಚ್.ಡಿ.ಗೆ ಸಾಲುವಂಥ ಪ್ರಶ್ನೆ. ನಾಲೆ ಇದ್ದೂ ನೀರಿಲ್ಲದ ಊರಿನಲ್ಲಿ ಜನ ಏನು ಮಾಡುತ್ತಾರೆ? ಬೋರ್‌ವೆಲ್ ಕೊರೆಸುತ್ತಾರಾ, ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾರಾ, ಮಕ್ಕಳನ್ನು ಬೆಂಗಳೂರಿಗೆ ಕಳಿಸುತ್ತಾರಾ? ಆ ಸಭೆಯಲ್ಲಿ ಉತ್ತರ ಗೊತ್ತಿದ್ದವರು ಬೇಕಾದಷ್ಟು ಜನ ಇದ್ದರು. ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಮದ್ದೂರು, ಮಳವಳ್ಳಿ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಅವರನ್ನು ಯಾರೂ ಕೇಳಲಿಲ್ಲ.

ಸಮಯ ಎಲ್ಲಿ ಹೋಯಿತು? ಆಹ್ವಾನ ಪತ್ರಿಕೆ ನೋಡಿದರೆ ಗೊತ್ತಾಗುತ್ತದೆ. ಹತ್ತು ಗಂಟೆಗೆ ಉದ್ಘಾಟನೆ ಅಂತ ಅಚ್ಚಾಗಿತ್ತು. ಮುಖ್ಯ ಅತಿಥಿ ಬಂದಾಗ ಹನ್ನೊಂದು ಕಾಲು. ಆಮೇಲೆ ಪ್ರಾರ್ಥನೆ, ನಾಡಗೀತೆ, ಸ್ವಾಗತ, ಹಾರ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಪ್ರಾಸ್ತಾವಿಕ ನುಡಿ, ದೀಪ, ಪುಸ್ತಕ ಬಿಡುಗಡೆ, ಆಶಯ ಭಾಷಣ, ಅತಿಥಿಗಳ ನುಡಿ, ಅಧ್ಯಕ್ಷರ ನುಡಿ, ವಂದನೆ. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕು ಅಂತ ಸರ್ಕಾರ ಆದೇಶ ಮಾಡಿದೆ. ಸ್ವಾಗತ ಭಾಷಣಕ್ಕೂ ಅಂಥದ್ದೊಂದು ಆದೇಶ ಬರಬಾರದಾ? ಸ್ವಾಗತಿಸುವವರು ವೇದಿಕೆಯಲ್ಲಿರುವ ಒಬ್ಬೊಬ್ಬರ ಗುಣಗಾನ ಮಾಡುತ್ತಾರೆ. ವಂದಿಸುವವರು ಅದನ್ನೇ ಮತ್ತೆ ಮೊದಲಿಂದ ಹೇಳುತ್ತಾರೆ. ಪ್ರಬಂಧ ಓದಬೇಕಾದವರು ಕೆಳಗೆ ಕೂತು ಗಡಿಯಾರ ನೋಡುತ್ತಿರುತ್ತಾರೆ. ಕೊನೆಗೆ ಅವರಿಗೆ ಸಿಗುವುದು ಐದಾರು ನಿಮಿಷ. ಅಷ್ಟರಲ್ಲಿ ಇಪ್ಪತ್ತು ಪುಟ ಓದಿ ಮುಗಿಸುತ್ತಾರೆ, ಕೇಳಿದವರಿಗೆ ಒಂದೂ ಹಿಡಿಯುವುದಿಲ್ಲ.

ಇದಕ್ಕೆ ಸಂಘಟಕರನ್ನಷ್ಟೇ ಬೈದು ಪ್ರಯೋಜನವಿಲ್ಲ. 2010ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಧ್ಯಾಪಕರ ಬಡ್ತಿಗೆ ಅಂಕದ ಲೆಕ್ಕ ತಂದಿತು. ಅಂತರರಾಷ್ಟ್ರೀಯ ಸೆಮಿನಾರಿನಲ್ಲಿ ಪ್ರಬಂಧ ಮಂಡಿಸಿದರೆ ಅಂಕ ಜಾಸ್ತಿ, ರಾಷ್ಟ್ರೀಯಕ್ಕೆ ಸ್ವಲ್ಪ ಕಡಿಮೆ, ರಾಜ್ಯಮಟ್ಟಕ್ಕೆ ಇನ್ನೂ ಕಡಿಮೆ. ಅಲ್ಲಿಂದ ಮುಂದೆ ತಾಲ್ಲೂಕು ಕೇಂದ್ರದಲ್ಲೂ ರಾಷ್ಟ್ರಮಟ್ಟಕ್ಕಿಂತ ಕೆಳಗೆ ಯಾರೂ ಇಳಿಯುತ್ತಿಲ್ಲ. ಪಕ್ಕದ ರಾಜ್ಯದಿಂದ ಒಬ್ಬರು ಬಂದು ವೇದಿಕೆ ಮೇಲೆ ಕೂತರೆ ಸಾಕು, ರಾಷ್ಟ್ರ ಆಯಿತು. 2016ರ ನಿಯಮದಲ್ಲಿ ಪಿಎಚ್.ಡಿ. ಮಾಡುವವರು ಮಹಾಪ್ರಬಂಧ ಒಪ್ಪಿಸುವ ಮೊದಲು ಎರಡು ಕಡೆ ಪ್ರಬಂಧ ಮಂಡಿಸಿರಲೇಬೇಕು ಅಂತಾಯಿತು. 2022ರಲ್ಲಿ ಆ ಕಡ್ಡಾಯವನ್ನು ತೆಗೆದರು. ಆದರೂ ಅಭ್ಯಾಸ ಬಿಟ್ಟುಹೋಗಿಲ್ಲ. ಬೆಳಿಗ್ಗೆ ನೋಂದಣಿ, ಬ್ಯಾಗು, ಪೆನ್ನು, ಸಂಜೆ ಸರ್ಟಿಫಿಕೇಟು. ಜನ ಮಧ್ಯಾಹ್ನವೇ ಎದ್ದು ಹೋಗದಿರಲಿ ಅಂತ ಸರ್ಟಿಫಿಕೇಟನ್ನು ನಾಲ್ಕೂವರೆವರೆಗೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದನ್ನೂ ನೋಡಿದ್ದೇನೆ. 2020ರ ಲಾಕ್‌ಡೌನಿನಲ್ಲಿ ಅದೂ ಬೇಡವಾಯಿತು. ವೆಬಿನಾರಿಗೆ ಸೇರಿ, ಗೂಗಲ್ ಫಾರಂ ತುಂಬಿದರೆ ಆಯಿತು, ಸರ್ಟಿಫಿಕೇಟು ಇಮೇಲಿಗೇ ಬರುತ್ತಿತ್ತು.

ಹಾಗಾದರೆ ಹೇಗೆ ನಡೆಸಬೇಕು? ಇದಕ್ಕೆ ದುಡ್ಡು ಜಾಸ್ತಿ ಬೇಡ, ಪ್ರಬಂಧಗಳು ಕಡಿಮೆ ಇದ್ದರೆ ಆಯಿತು. ಒಂದು ದಿನಕ್ಕೆ ಮೂರು ಸಾಕು. ಹತ್ತೊಂಬತ್ತನೇ ಶತಮಾನದಲ್ಲಿ ಬರ್ಲಿನ್ನಿನ ಇತಿಹಾಸಕಾರ ರಾಂಕೆ ತಮ್ಮ ಮನೆಯಲ್ಲೇ ಕೆಲವೇ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಹಳೇ ದಾಖಲೆಗಳನ್ನು ಓದಿಸಿ ತಕರಾರು ಮಾಡಿಸುತ್ತಿದ್ದರು. ಈಗಿನ ಸೆಮಿನಾರ್ ಪದ್ಧತಿ ಬೆಳೆದದ್ದು ಇಂಥ ಕೋಣೆಗಳಿಂದ. ಅಲ್ಲಿ ಶಾಮಿಯಾನ ಇರಲಿಲ್ಲ.

ಪ್ರಬಂಧವನ್ನು ವಾರ ಮೊದಲೇ ತರಿಸಿಕೊಳ್ಳಿ. ನಾಲ್ಕೈದು ಪುಟಕ್ಕೆ ಇಳಿಸಿ, ಬರುವವರಿಗೆಲ್ಲ ವಾಟ್ಸ್‌ಆಪ್‌ನಲ್ಲಿ ಕಳಿಸಿ. ಆಮೇಲೆ ಅದನ್ನು ಸಭೆಯಲ್ಲಿ ಓದುವ ಅಗತ್ಯವೇ ಇಲ್ಲ. ಬರೆದವರು ಇಪ್ಪತ್ತು ನಿಮಿಷದಲ್ಲಿ ಮುಖ್ಯವಾದದ್ದನ್ನು ಬಾಯಿಮಾತಲ್ಲಿ ಹೇಳಲಿ. ಮೊದಲೇ ಓದಿಕೊಂಡು ಬಂದ ಇನ್ನೊಬ್ಬರು ಹತ್ತು ನಿಮಿಷ ತಕರಾರು ಎತ್ತಲಿ. ಉಳಿದ ಅರ್ಧ ಗಂಟೆ ಸಭೆಯವರಿಗೆ. ಈ ಅರ್ಧ ಗಂಟೆಯನ್ನು ಯಾರು ಬಂದರೂ, ಎಂಥ ಗಣ್ಯರು ಬಂದರೂ ಮುಟ್ಟಬಾರದು. ತಡವಾಯಿತು ಅಂದರೆ ಭಾಷಣ ಕತ್ತರಿಸಿ, ಪ್ರಶ್ನೆಯನ್ನಲ್ಲ.

ಪ್ರಶ್ನೆ ಕೇಳಿ ಅಂದ ತಕ್ಷಣ ನಮ್ಮ ಮಕ್ಕಳು ಕೇಳುವುದಿಲ್ಲ, ನಿಜ. ತಲೆ ತಗ್ಗಿಸಿಬಿಡುತ್ತಾರೆ. ಅದಕ್ಕೊಂದು ಉಪಾಯ ಇದೆ. ಮಾತು ಮುಗಿದ ಮೇಲೆ ಐದು ನಿಮಿಷ ಮೈಕ್ ಆಫ್ ಮಾಡಿ, ಪಕ್ಕದವರ ಜೊತೆ ಮಾತಾಡಿಕೊಳ್ಳಿ ಅನ್ನಿ. ಒಂದು ಚೀಟಿಯಲ್ಲಿ ಇಬ್ಬರೂ ಸೇರಿ ಒಂದು ಪ್ರಶ್ನೆ ಬರೆಯಲಿ. ಬರೆದದ್ದನ್ನು ಓದುವುದಕ್ಕೆ ಅಷ್ಟು ಭಯ ಇರುವುದಿಲ್ಲ. ಕನ್ನಡದಲ್ಲಿ ಕೇಳಬಹುದು ಅಂತ ಬಾಯಿಬಿಟ್ಟು ಹೇಳಿ. ಎಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದರೆ ಕನ್ನಡದಲ್ಲಿ ಕೈ ಎತ್ತಲು ಹುಡುಗರಿಗೆ ಧೈರ್ಯ ಬರುವುದಿಲ್ಲ. ಮೊದಲ ಪ್ರಶ್ನೆಯನ್ನು ಒಬ್ಬ ಹುಡುಗಿಯಿಂದ ಕೇಳಿಸಿ. ಸುಮ್ನೆ ಹೇಳುತ್ತಿಲ್ಲ. ಹತ್ತು ದೇಶಗಳ ಸುಮಾರು 250 ಸೆಮಿನಾರ್‌ಗಳನ್ನು ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸಭೆಯಲ್ಲಿ ಎಷ್ಟೇ ಹೆಂಗಸರಿದ್ದರೂ ಅವರಿಂದ ಬರುವ ಪ್ರಶ್ನೆಗಳು ಕಡಿಮೆ. ಮೊದಲು ಕೇಳಿದವರು ಗಂಡಸಾಗಿದ್ದರೆ ಇನ್ನೂ ಕಡಿಮೆ.

ಗೋಷ್ಠಿಯ ಅಧ್ಯಕ್ಷರ ಕೆಲಸ ಸಮಯ ಕಾಯುವುದು. ನಮ್ಮಲ್ಲಿ ಅವರೇ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಇನ್ನು "ನನ್ನದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಅಂತ ಎದ್ದು ನಿಲ್ಲುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಹೆಚ್ಚಾಗಿ ನಮ್ಮಂಥ ನಿವೃತ್ತರೇ. ಅವರನ್ನು ಮರ್ಯಾದೆಯಿಂದಲೇ, ಆದರೆ ಬೇಗ ಕೂರಿಸುವುದು ಅಧ್ಯಕ್ಷರಿಗೆ ಬರಬೇಕು.

ಇದೆಲ್ಲ ನಮ್ಮ ಕಡೆ ಆಗದ ಮಾತು ಅನ್ನುವವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಕೃಷಿ ಮೇಳಕ್ಕೆ ಹೋಗಿ ನೋಡಲಿ. ಅಲ್ಲೂ ವೇದಿಕೆ, ಭಾಷಣ ಇದ್ದದ್ದೇ. ಆದರೆ ತಾಕಿನ ಬದುವಿನ ಮೇಲೆ ವಿಜ್ಞಾನಿಯನ್ನು ನಿಲ್ಲಿಸಿಕೊಂಡು ಜನ ಕೇಳುತ್ತಾರೆ. "0517 ಹಾಕಿದ್ರೆ ಎಷ್ಟು ಕೂಳೆ ಬತ್ತದೆ ಸಾರ್?" 0517 ಅಂದರೆ ಅದೇ ಫಾರಂನ ಕಬ್ಬಿನ ತಳಿ, ಕೂಳೆ ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ. ವಿಜ್ಞಾನಿ ಒಂದು ಲೆಕ್ಕ ಹೇಳಿದರೆ ಪಕ್ಕದವರು, ನಮ್ಮ ಹೊಲದಲ್ಲಿ ಅಷ್ಟು ಬರಲಿಲ್ಲವಲ್ಲ ಅನ್ನುತ್ತಾರೆ. ಯಾವ ಮಣ್ಣು, ಎಷ್ಟು ನೀರು ಅಂತ ವಿಜ್ಞಾನಿ ತಿರುಗಿ ಕೇಳುತ್ತಾರೆ. ಅಲ್ಲಿ ಯಾರಿಗೂ ಸರ್ಟಿಫಿಕೇಟು ಬೇಕಿಲ್ಲ. ಎಲ್ಲರಿಗೂ ಉತ್ತರ ಬೇಕು.

ಕೇಳಲು ಬರುವವರಿಗೂ ಎರಡು ಮಾತು. ಸೆಮಿನಾರಿಗೆ ಖಾಲಿ ತಲೆಯಲ್ಲಿ ಹೋಗಬೇಡಿ. ಹಿಂದಿನ ರಾತ್ರಿ ವಿಷಯದ ಬಗ್ಗೆ ಏನಾದರೂ ಓದಿ. ನಿಮಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ನಾಲ್ಕು ಸಾಲು ಬರೆದುಕೊಳ್ಳಿ. ಕೇಳಬೇಕಾದ ಒಂದು ಪ್ರಶ್ನೆ ಜೇಬಿನಲ್ಲಿರಲಿ. ಹಾಗೆ ಹೋದವರಿಗೆ ಭಾಷಣದಲ್ಲಿ ಯಾವುದು ತಮಗೆ ಬೇಕಾದ್ದು ಅಂತ ತಾನಾಗಿ ಗೊತ್ತಾಗುತ್ತದೆ. ಪರದೆ ಮೇಲೆ ಬಂದ ಸ್ಲೈಡಿಗೆಲ್ಲ ಮೊಬೈಲ್ ಹಿಡಿದು ಫೋಟೋ ತೆಗೆಯುವುದು ಬಿಡಿ. ಆ ಫೋಟೋ ತೆರೆದು ನೋಡಿದವರನ್ನು ನಾನಂತೂ ಕಂಡಿಲ್ಲ.

ಮುಖ್ಯವಾದದ್ದು ಸೆಮಿನಾರ್ ಮುಗಿದ ಮೇಲೆ. ಜರ್ಮನಿಯ ಎಬಿಂಗ್‌ಹೌಸ್ ಅನ್ನುವ ಮನಶ್ಶಾಸ್ತ್ರಜ್ಞರು ತಮ್ಮ ಮೇಲೆ ತಾವೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದರು. ಮರೆವು ಮೊದಲ ಒಂದು ಗಂಟೆಯಲ್ಲೇ ಜಾಸ್ತಿ, ಆಮೇಲೆ ನಿಧಾನ. ಅರ್ಥವಿರುವ ಮಾತು ಅಷ್ಟು ಬೇಗ ಹೋಗುವುದಿಲ್ಲ, ಆದರೂ ಹೋಗುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಇನ್ನೊಂದು ಪ್ರಯೋಗ ಮಾಡಿದರು. ಒಂದು ಬರಹ ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಿಸಿದರು, ಕೆಲವರಿಗೆ ನೋಡದೆ ನೆನಪಿನಿಂದ ಬರೆಯಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದರೆ ಓದಿದವರ ನೆನಪಿನಲ್ಲಿ ಉಳಿದದ್ದು ಶೇ 42, ಬರೆದವರಿಗೆ ಶೇ 56.

ನಾನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಹೋದರೆ ವಾಪಸ್ ಬರುವಾಗ ಪ್ಯಾಸೆಂಜರ್ ರೈಲು ಹತ್ತುತ್ತೇನೆ. ಸೀಟು ಸಿಕ್ಕರೆ ಪುಸ್ತಕ ತೆಗೆದು, ಟಿಪ್ಪಣಿ ನೋಡದೆ ಬರೆಯುತ್ತೇನೆ. ಯಾರು ಏನು ಹೇಳಿದರು, ಯಾವುದನ್ನು ನಾನು ಒಪ್ಪುವುದಿಲ್ಲ, ಯಾವುದು ಅರ್ಥವಾಗಲಿಲ್ಲ. ಶ್ರೀರಂಗಪಟ್ಟಣದವರೆಗೆ ಸರಾಗ. ಪಾಂಡವಪುರದ ಹೊತ್ತಿಗೆ ಎಳೆದು ತರಬೇಕು. ಯಲಿಯೂರು ಬಂದರೂ ನೆನಪಾಗದ್ದನ್ನು ಆಮೇಲೆ ಟಿಪ್ಪಣಿಯಲ್ಲಿ ನೋಡಿಕೊಳ್ಳುತ್ತೇನೆ. ಪೂರ್ತಿ ದಿನ ಕೂತು ಬಂದು ಅರ್ಧ ಪುಟವೂ ತುಂಬದ ದಿನಗಳಿವೆ. ಆಗ ಆ ಸೆಮಿನಾರಿನ ಯೋಗ್ಯತೆಯೂ ಗೊತ್ತಾಗುತ್ತದೆ. ಕಾಲೇಜುಗಳು ಸರ್ಟಿಫಿಕೇಟ್ ಕೊಡುವ ಮೊದಲು ಇಂಥ ಒಂದು ಪುಟ ಬರೆಯಿಸಿಕೊಳ್ಳಲಿ. ಮೇಜಿನ ಮುಂದಿನ ನೂಕುನುಗ್ಗಲು ಅವತ್ತೇ ಕರಗುತ್ತದೆ.

ಕೊನೆಗೆ ನಿಮ್ಮ ಪತ್ರಿಕೆಗೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ಮೂರು ದಿನ ನಡೆಯಿತು. ಸಮ್ಮೇಳನದಲ್ಲಿ ಬಾಡೂಟ ಬಡಿಸಬೇಕು ಅಂತ ಎದ್ದ ಗಲಾಟೆ ಇವತ್ತಿಗೂ ಎಲ್ಲರಿಗೂ ನೆನಪಿದೆ. ಅದನ್ನು ಕೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ನಮ್ಮ ಊರಿನ ಊಟ ಅದು. ಆದರೆ ಗೋಷ್ಠಿಗಳಲ್ಲಿ ಏನು ಚರ್ಚೆಯಾಯಿತು ಅಂತ ಕೇಳಿದರೆ ಹೇಳುವವರು ಸಿಗುವುದಿಲ್ಲ. ಓದಲು ಸಿಕ್ಕಿದ್ದರೆ ತಾನೇ ನೆನಪಿರುವುದು? ಕಾಲೇಜು ಸೆಮಿನಾರ್‌ಗಳ ವರದಿಯೂ ಅಷ್ಟೇ. ದೀಪ ಬೆಳಗುವ ಚಿತ್ರ, ಅದರ ಕೆಳಗೆ ಎಡದಿಂದ ಬಲಕ್ಕೆ ಹೆಸರುಗಳು. ಉದ್ಘಾಟಕರು ಹೇಳಿದ "ಯುವಜನರು ಮುಂದೆ ಬರಬೇಕು" ಅನ್ನುವ ಮಾತು. ಸಭೆಯಲ್ಲಿ ಯಾರು ಏನು ಕೇಳಿದರು ಅಂತ ಒಂದು ಸಾಲೂ ಇರುವುದಿಲ್ಲ. ನಿಮ್ಮ ವರದಿಗಾರರು ಉದ್ಘಾಟನೆ ಮುಗಿದೊಡನೆ ಹೊರಡುತ್ತಾರೆ. ಅವರಿಗೂ ದಿನಕ್ಕೆ ನಾಲ್ಕು ಕಾರ್ಯಕ್ರಮ, ಗೊತ್ತಿದೆ. ಅವರು ಬೆಳಿಗ್ಗೆ ಬರುವುದು ಬೇಡ, ಮಧ್ಯಾಹ್ನ ಬರಲಿ. ಸೆಮಿನಾರಿನಲ್ಲಿ ಕೇಳಿದ ಒಂದು ಒಳ್ಳೆಯ ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ, ಕೇಳಿದವರ ಊರು, ಇಷ್ಟನ್ನು ಅಚ್ಚು ಹಾಕಿ. ಜಾಗ ಸಾಲದಿದ್ದರೆ ಫೋಟೋ ಕೈಬಿಡಿ.

ಇಂತಿ,
ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕಿ,
ವಿದ್ಯಾನಗರ, ಮಂಡ್ಯ