ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ: ಸಾಧಕರ ಪಟ್ಟಿಯಲ್ಲಿ ನಮ್ಮ ಹೆಸರೂ ಇರಲಿ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಹಾಸನ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಹಲವು ವರ್ಷಗಳಿಂದ ಇತಿಹಾಸ ಬೋಧಿಸುತ್ತಿರುವ ಅತಿಥಿ ಉಪನ್ಯಾಸಕನ ಗೌರವಪೂರ್ವಕ ವಂದನೆಗಳು. ಗೌರವಧನ, ಸೇವಾ ಭದ್ರತೆಗಳ ಬಗ್ಗೆ ನಮ್ಮ ಸಂಘಟನೆಗಳು ತಮಗೆ ಮನವಿ ಸಲ್ಲಿಸುತ್ತಲೇ ಬಂದಿರುವುದರಿಂದ ಅದನ್ನಿಲ್ಲಿ ಮತ್ತೆ ಎತ್ತುವುದಿಲ್ಲ. ನಾನು ಕೇಳುತ್ತಿರುವುದು ಬೊಕ್ಕಸಕ್ಕೆ ಹೊರೆಯಾಗದ ಸಂಗತಿ. ವಿಶ್ವವಿದ್ಯಾಲಯಗಳೂ ಕಾಲೇಜುಗಳೂ ಪ್ರಕಟಿಸುವ ಅಧ್ಯಾಪಕರ ಮತ್ತು ಸಿಬ್ಬಂದಿಯ ಸಾಧನೆಗಳ ಪಟ್ಟಿಯಲ್ಲಿ ಅತಿಥಿ ಉಪನ್ಯಾಸಕರ ಹಾಗೂ ಬೋಧಕೇತರ ಸಿಬ್ಬಂದಿಯ ಹೆಸರುಗಳನ್ನೂ ಕಡ್ಡಾಯವಾಗಿ ಸೇರಿಸಬೇಕೆಂದು ತಾವು ಆದೇಶ ಹೊರಡಿಸಬೇಕು.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದಲ್ಲಿ ಸಂಶೋಧನೆಗೆ ಪ್ರತ್ಯೇಕ ಮಾನದಂಡವೇ ಇರುವುದು ತಮಗೆ ತಿಳಿದೇ ಇದೆ. ನಮ್ಮ ಕಾಲೇಜಿಗೆ ತಂಡ ಬರುವ ಮುನ್ನ ನನ್ನ ಲೇಖನಗಳ ಪ್ರತಿಗಳನ್ನು ತರಿಸಿಕೊಂಡರು. ಪತ್ರಿಕೆಯ ಮುಖಪುಟ, ಪರಿವಿಡಿ, ಪತ್ರಿಕೆಯನ್ನು ಗುರುತಿಸುವ ಐಎಸ್‌ಎಸ್‌ಎನ್ ಸಂಖ್ಯೆ ಇರುವ ಪುಟ, ಎಲ್ಲವನ್ನೂ ಜೆರಾಕ್ಸ್ ಮಾಡಿಸಿ, ಸಹಿ ಹಾಕಿ, ವಿಭಾಗದ ಕಡತಕ್ಕೆ ಪೋಣಿಸಿದವನು ನಾನೇ. ನಿಮ್ಮ ಲೇಖನಗಳಿಲ್ಲದಿದ್ದರೆ ಈ ಕಡತ ಬರಿದಾಗಿರುತ್ತಿತ್ತು ಎಂದು ಅಂದು ಹಿರಿಯರೊಬ್ಬರು ಬೆನ್ನು ತಟ್ಟಿದ್ದರು.

ಆ ಲೇಖನಗಳು ಸುಮ್ಮನೆ ಹುಟ್ಟಿದವಲ್ಲ. ನನ್ನ ಪಿಎಚ್‌.ಡಿ. ವಿಷಯ ಈ ಜಿಲ್ಲೆಯ ವೀರಗಲ್ಲುಗಳು. ಭಾನುವಾರ, ಹಬ್ಬದ ರಜೆ ಎನ್ನದೆ ಅರಸೀಕೆರೆ, ಬೇಲೂರು ಸೀಮೆಯ ಕೆರೆ ಏರಿಗಳ ಮೇಲೆ, ತೆಂಗಿನ ತೋಟಗಳ ಬದುವಿನಲ್ಲಿ ಅಲೆದಿದ್ದೇನೆ. ತುರು ಕಾಯುತ್ತಾ ಸತ್ತವನ ಕಲ್ಲೊಂದು ಬಟ್ಟೆ ಒಗೆಯುವ ಹಾಸುಗಲ್ಲಾಗಿ ಮಗುಚಿ ಬಿದ್ದಿತ್ತು. ಊರವರನ್ನು ಒಪ್ಪಿಸಿ ಎತ್ತಿ ನಿಲ್ಲಿಸಿ, ಪಾಚಿ ತೊಳೆದು, ಸಂಜೆಯ ಓರೆಬಿಸಿಲಿಗೆ ಅಕ್ಷರ ಮೂಡುವವರೆಗೆ ಕಾದು ಓದಿದ್ದೇನೆ. ಬಸ್ ಚಾರ್ಜಿನಿಂದ ಹಿಡಿದು ಪ್ರಬಂಧದ ಬೈಂಡಿಂಗಿನವರೆಗೆ ಎಲ್ಲ ಖರ್ಚೂ ನನ್ನ ಗೌರವಧನದಿಂದಲೇ ಆಯಿತು. 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ವಿದ್ಯಾರ್ಥಿಗಳನ್ನು ಹಳೇಬೀಡಿಗೆ ಕರೆದೊಯ್ದು ವಿವರಿಸಿದ್ದೂ ನಾನೇ.

ಪದವಿ ಕೈಸೇರಿದ ವರ್ಷವೇ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಸಾಧಕ ಅಧ್ಯಾಪಕರಿಗೆ ಸನ್ಮಾನ ಏರ್ಪಾಡಾಯಿತು. ನಿರೂಪಣೆಯ ಹೊಣೆ ನನ್ನದಾಗಿತ್ತು. ವೇದಿಕೆಗೆ ಹೋಗುವ ಹೊತ್ತಿಗೆ ಕೈಗೆ ಕೊಟ್ಟ ಹಾಳೆಯಲ್ಲಿ ನನ್ನ ಹೆಸರಿರಲಿಲ್ಲ. ವಿಚಾರಿಸಿದರೆ, "ಇದು ಕಾಯಂ ಸಿಬ್ಬಂದಿಯ ಪಟ್ಟಿ ಸರ್, ನೀವು ಅದರಲ್ಲಿ ಬರೋದಿಲ್ಲ" ಎಂಬ ಉತ್ತರ ಬಂತು. ಒಬ್ಬೊಬ್ಬರ ಸಾಧನೆಯನ್ನೂ ಮೈಕಿನಲ್ಲಿ ಓದಿ, ಅವರಿಗೆ ಶಾಲು ಹೊದಿಸುವಾಗ ಚಪ್ಪಾಳೆ ತಟ್ಟಿರೆಂದು ಮಕ್ಕಳನ್ನು ಕೇಳಿಕೊಂಡೆ. ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಕಾರ್ಯಕ್ರಮ ಮುಗಿದ ಮೇಲೆ ಬಂದು, "ಸರ್, ನಿಮ್ಮನ್ನ ಯಾಕೆ ಕರೀಲಿಲ್ಲ?" ಎಂದಾಗ ಏನು ಹೇಳಬೇಕಿತ್ತು, ತಾವೇ ತಿಳಿಸಿ. ಸನ್ಮಾನಿತರ ಬಗ್ಗೆ ನನಗೆ ಯಾವ ಅಸಮಾಧಾನವೂ ಇಲ್ಲ. ಅವರ ದುಡಿಮೆ ದೊಡ್ಡದು. ಆದರೆ ಕಡತ ತುಂಬಲು ಬೇಕಾದ ಹೆಸರು ವೇದಿಕೆಗೆ ಬೇಡವಾದದ್ದು ಅನ್ಯಾಯ, ಮಾನ್ಯರೇ. ಇದನ್ನು ಮೆತ್ತಗೆ ಹೇಳಲು ನನ್ನಿಂದ ಸಾಧ್ಯವಿಲ್ಲ.

ಬೋಧಕೇತರರ ಪಾಡು ಇನ್ನೂ ಕಷ್ಟದ್ದು. ನಮ್ಮ ಪ್ರಯೋಗಾಲಯದ ಸಹಾಯಕರೊಬ್ಬರು ಮೂಲೆ ಸೇರಿದ್ದ ಸೂಕ್ಷ್ಮದರ್ಶಕಗಳನ್ನು ಬಿಚ್ಚಿ, ಮಸೂರಕ್ಕೆ ಹಿಡಿದ ಬೂಸ್ಟು ಒರೆಸಿ, ತಿರುಪುಗಳನ್ನು ತಾವೇ ಹುಡುಕಿ ತಂದು, ಮಕ್ಕಳ ಪ್ರಾಯೋಗಿಕ ಪರೀಕ್ಷೆಗೆ ಒದಗಿಸಿದರು. ಇದು ಸಾಧನೆಯಲ್ಲವೇ? ಯಾವ ವರದಿಯಲ್ಲೂ ಅವರ ಬಗ್ಗೆ ಒಂದು ಸಾಲು ಬಂದಿಲ್ಲ.

ಅರ್ಹತೆಯನ್ನು ಅಳೆಯುವುದು ಸರ್ಕಾರಕ್ಕೆ ತಿಳಿಯದ್ದೇನಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯು ಮಾನವಿಕ ವಿಷಯಗಳ ಪ್ರತಿ ಸಂಶೋಧನ ಲೇಖನಕ್ಕೆ 10 ಅಂಕ ನಿಗದಿಪಡಿಸಿದೆ. 2022ರಲ್ಲಿ ನಮ್ಮ ಗೌರವಧನ ಹೆಚ್ಚಿಸಿದಾಗ ಪಿಎಚ್‌.ಡಿ., ನೆಟ್‌ನಂಥ ಯುಜಿಸಿ ಅರ್ಹತೆ ಇದ್ದವರಿಗೂ ಇಲ್ಲದವರಿಗೂ ಬೇರೆ ಬೇರೆ ಮೊತ್ತವನ್ನು ಸರ್ಕಾರವೇ ಗೊತ್ತುಪಡಿಸಿತು. ಸಂಬಳದ ಲೆಕ್ಕಕ್ಕೆ ಬರುವ ಪದವಿ ಗೌರವದ ಲೆಕ್ಕಕ್ಕೆ ಏಕೆ ಬರುವುದಿಲ್ಲ? ಕಾಲೇಜು ಕೊಡುವ ಅನುಭವ ಪತ್ರದಲ್ಲೂ ಬೋಧಿಸಿದ ಅವಧಿಯ ಹೊರತು ಬೇರೇನೂ ಇರುವುದಿಲ್ಲ. ನಾಳೆ ಸಂದರ್ಶನಕ್ಕೆ ಹೋದಾಗ, ದುಡಿದ ಸಂಸ್ಥೆಯೇ ಗುರುತಿಸದ ಸಂಶೋಧನೆಯನ್ನು ನಾವು ಯಾರ ಮುಂದೆ ಹೇಳಿಕೊಳ್ಳಬೇಕು?

ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ: ಸಾಧಕರ ಪಟ್ಟಿಯಲ್ಲಿ ನಮ್ಮ ಹೆಸರೂ ಇರಲಿ. ವಾರ್ಷಿಕ ವರದಿ, ಸುದ್ದಿಪತ್ರ, ಸನ್ಮಾನ, ಎಲ್ಲದಕ್ಕೂ ಅನ್ವಯಿಸುವಂತೆ, ಕಾಯಂ ಅಥವಾ ಅತಿಥಿ, ಬೋಧಕ ಅಥವಾ ಬೋಧಕೇತರ ಎಂಬ ಭೇದವಿಲ್ಲದೆ ಹೆಸರು ಸೇರಿಸಬೇಕೆಂದು ಸುತ್ತೋಲೆ ಹೊರಡಿಸಿ. ಅನುಭವ ಪತ್ರದಲ್ಲಿ ಸಂಶೋಧನೆಯ ವಿವರ ನಮೂದಿಸಲು ಪ್ರಾಂಶುಪಾಲರಿಗೆ ಸೂಚಿಸಿ. ಈ ಸಾಲಿನ ವಾರ್ಷಿಕ ವರದಿಗಳು ಅಚ್ಚಿಗೆ ಹೋಗುವ ಮೊದಲೇ ಆ ಸುತ್ತೋಲೆ ಕಾಲೇಜುಗಳನ್ನು ತಲುಪಬೇಕೆಂಬುದು ನನ್ನ ಆಗ್ರಹ.

ಇಂತಿ ತಮ್ಮ ವಿಶ್ವಾಸಿ,
ಇತಿಹಾಸ ವಿಭಾಗದ ಅತಿಥಿ ಉಪನ್ಯಾಸಕ,
ಹಾಸನ ಜಿಲ್ಲೆ