‘ಪ್ಯೂಪಿಲ್’ ಅಂದರೆ ಪುಟ್ಟ ಗೊಂಬೆ

ಗೆಳೆಯರೇ, ನಿನ್ನೆಯ ಪ್ರಶ್ನೆಗೆ ಉತ್ತರ. ಇಂಗ್ಲಿಷಿನಲ್ಲಿ ಕಣ್ಣಿನ ಪಾಪೆಯೂ ‘ಪ್ಯೂಪಿಲ್’, ವಿದ್ಯಾರ್ಥಿಯೂ ‘ಪ್ಯೂಪಿಲ್’, ಯಾಕೆ?

ಬೇರು ಲ್ಯಾಟಿನ್‌ನಲ್ಲಿದೆ. ‘ಪೂಪಾ’ ಅಂದರೆ ಹುಡುಗಿ, ಗೊಂಬೆ ಕೂಡ. ‘ಪೂಪಿಲ್ಲಾ’ ಅಂದರೆ ಪುಟ್ಟ ಗೊಂಬೆ. ಎದುರಿಗಿರುವವರ ಕಣ್ಣನ್ನು ಹತ್ತಿರದಿಂದ ನೋಡಿ. ಆ ಕಪ್ಪು ಚುಕ್ಕೆಯಲ್ಲಿ ನಿಮ್ಮದೇ ಪುಟಾಣಿ ಬಿಂಬ ಕಾಣುತ್ತದೆ, ಥೇಟ್ ಗೊಂಬೆ! ಹೆಸರು ಬಂದಿದ್ದು ಅಲ್ಲಿಂದಲೇ. ಗ್ರೀಕರೂ ಇದನ್ನು ‘ಕೋರೆ’, ಅಂದರೆ ಹುಡುಗಿ, ಎಂದೇ ಕರೆದರು. ನಮ್ಮ ‘ಪಾಪೆ’ಗೂ ಗೊಂಬೆ ಎಂಬ ಅರ್ಥವಿದೆ, ಅಲ್ವಾ? ಹಾಗಂತ ಪಾಪೆ ಲ್ಯಾಟಿನ್‌ನಿಂದ ಬಂತು ಅಂತ ಸುಮ್ನೆ ಫಾರ್ವರ್ಡ್ ಮಾಡಬೇಡಿ.

ವಿದ್ಯಾರ್ಥಿಯ ‘ಪ್ಯೂಪಿಲ್’ ಇದರ ಸೋದರ. ಮೊದಲು ಅದಕ್ಕೆ ಪಾಲಕರ ಕೈಕೆಳಗಿನ ತಬ್ಬಲಿ ಮಗು ಎಂಬ ಅರ್ಥವಿತ್ತು.

‘ಮಸಲ್’ ಒಳಗೆ ಅಡಗಿರುವ ಇಲಿಮರಿಯ ಕಥೆ ನಾಳೆ ಹಾಕುತ್ತೇನೆ.