ಮೇಲಿನಿಂದ ಕಂಡ ಬೆಂಗಳೂರು: ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಮಿತ್ರರೇ,

ನಿಮ್ಮ ಪ್ರಬಂಧವನ್ನು ಓದಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಡ್ರೋನ್ ಕ್ಯಾಮೆರಾ ಸೆರೆಹಿಡಿದ ಬೆಂಗಳೂರನ್ನು ಮುಂದಿಟ್ಟುಕೊಂಡು ಬರೆದಿದ್ದೀರಿ, ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ಸಿಲ್ಕ್ ಬೋರ್ಡ್ ಜಂಕ್ಷನ್ ಎಲ್ಲವೂ ನಿಮ್ಮ ಬರಹದಲ್ಲಿ ಬಿಕೋ ಎನ್ನುತ್ತವೆ. ಭಾಷೆ ಸೊಗಸಾಗಿದೆ. ಆದರೆ ಕೊನೆಯ ಪುಟ ಮುಟ್ಟಿದರೂ ಒಬ್ಬ ಮನುಷ್ಯ ಎದುರಾಗಲಿಲ್ಲ ಎಂಬುದೇ ನನ್ನ ತಕರಾರು.

ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಘೋಷಿಸಿ, ನಡುರಾತ್ರಿಯಿಂದಲೇ 21 ದಿನಗಳ ಲಾಕ್‌ಡೌನ್ ಜಾರಿಯಾದಾಗ, ಊರಿಗೆ ಹೋದವರನ್ನು ಬಿಟ್ಟರೂ ಲಕ್ಷಾಂತರ ಜನ ನೀವು ನೋಡಿದ ಅದೇ ಚೌಕಟ್ಟಿನೊಳಗೆ, ಸೂರುಗಳ ಕೆಳಗೆ ಇದ್ದರು. ಆದ್ದರಿಂದ ರಸ್ತೆಯನ್ನು ಬಿಟ್ಟು ಸೂರುಗಳನ್ನು ನೋಡಿ. ಆರ್‌ಸಿಸಿ ತಾರಸಿಗಳ ಮೇಲೆ ನೀರಿನ ಟ್ಯಾಂಕು, ಬಟ್ಟೆ ಒಣಹಾಕಿದ ತಂತಿ, ಸಂಜೆ ಅತ್ತಿಂದಿತ್ತ ನಡೆದಾಡುವ ಹಿರಿಯರು ಕಾಣುತ್ತಾರೆ. ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡುಗಳ ಮೇಲೆ ಯಾರೂ ಕಾಣುವುದಿಲ್ಲ, ಏಕೆಂದರೆ ಒಳಗಿರುವವರಿಗೆ ಹತ್ತಲು ತಾರಸಿಯೇ ಇಲ್ಲ. ಏಪ್ರಿಲ್ ಬಿಸಿಲಿಗೆ ಕಾದ ಆ ತಗಡಿನ ಕೆಳಗೆ ಕೂಲಿಯಿಲ್ಲದೆ ಕುಳಿತವರ ವಿಷಯ ಕ್ಯಾಮೆರಾಕ್ಕೆ ಗೊತ್ತಾಗದಿರಬಹುದು, ನಿಮಗೆ ಗೊತ್ತಾಗಬೇಕು. ಮೇ ಮೊದಲ ವಾರದಲ್ಲಿ, ಕಟ್ಟಡ ನಿರ್ಮಾಣ ಉದ್ಯಮದವರೊಂದಿಗೆ ಮುಖ್ಯಮಂತ್ರಿ ಸಭೆ ನಡೆಸಿದ ಬೆನ್ನಲ್ಲೇ, ಶೆಡ್ಡುಗಳಲ್ಲಿದ್ದ ಇಂಥ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ತಿಳಿಸಿತು. ಟೀಕೆ ಜೋರಾದ ಮೇಲೆ ನಿರ್ಧಾರ ಬದಲಾಯಿತು. ನಿಮ್ಮ ಪ್ರಬಂಧದಲ್ಲಿ ಇದರ ಸುಳಿವೇ ಇಲ್ಲ.

ಇನ್ನೊಂದು ಮಾತು. ಆಗ ಪೊಲೀಸರೂ ಡ್ರೋನ್ ಹಾರಿಸುತ್ತಿದ್ದರು, ಗುಂಪುಗೂಡಿದವರನ್ನು ಹುಡುಕಲು. ಚಿತ್ರ ತೆಗೆಯುವವನಿಗೆ ಚೌಕಟ್ಟಿನಲ್ಲಿ ಜನರಿಲ್ಲದಿದ್ದರೆ ಖುಷಿ, ಪೊಲೀಸರಿಗೆ ಜನ ಕಂಡರೆ ಕೆಲಸ. ಬರೆಯುವಾಗ ನೀವು ಇವೆರಡರಲ್ಲಿ ಯಾವ ಕಣ್ಣನ್ನು ಎರವಲು ಪಡೆದಿದ್ದೀರಿ ಎಂದು ಕೇಳಿಕೊಳ್ಳಿ. (ಸುಂದರವಾದ ವಿಡಿಯೊಗಳ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಗುಮಾನಿ, ಅದನ್ನು ಲೆಕ್ಕಕ್ಕೆ ಹಿಡಿದೇ ಈ ಮಾತನ್ನು ಓದಿ.)

ನಮ್ಮ ಬೀದಿಯ ದಿನಸಿ ಅಂಗಡಿಯ ಮುಂದೆ ಸುಣ್ಣದಲ್ಲಿ ವೃತ್ತಗಳನ್ನು ಬರೆದಿದ್ದರು. ಬಿಸಿಲೇರಿದಾಗ ಜನ ತಮ್ಮ ತಮ್ಮ ವೃತ್ತದೊಳಗೆ ಚೀಲವನ್ನೋ ಒಂದು ಜೊತೆ ಚಪ್ಪಲಿಯನ್ನೋ ಇಟ್ಟು ಎದುರಿನ ಹೊಂಗೆ ಮರದಡಿ ನಿಲ್ಲುತ್ತಿದ್ದರು. ಮೇಲಿನಿಂದ ನೋಡಿದವರಿಗೆ ಅಲ್ಲೂ ಖಾಲಿ ರಸ್ತೆಯೇ ಕಂಡೀತು. ಇಂಥ ವಿವರಗಳು ನಿಮ್ಮ ಬೀದಿಯಲ್ಲೂ ಇದ್ದಿರಬೇಕು; ಅಂಗಡಿಯವರನ್ನು, ಮುಂಜಾನೆ ಕಸದ ಆಟೊ ತರುತ್ತಿದ್ದ ಪೌರಕಾರ್ಮಿಕರನ್ನು ಕೇಳಿ ಬರೆದುಕೊಳ್ಳಿ. ಸಿಲ್ಕ್ ಬೋರ್ಡ್ ಕುರಿತ ಪ್ಯಾರಾವನ್ನು ಕೈಬಿಡಬಹುದು, ಅದರಲ್ಲಿ ವಾಹನದಟ್ಟಣೆಯ ಹಳೆಯ ತಮಾಷೆಯಷ್ಟೇ ಇದೆ. ತಿದ್ದಿದ ಪ್ರತಿಯನ್ನು ಕಳುಹಿಸಿ, ಓದುತ್ತೇನೆ.

ಇಂತಿ,
ನಿಮ್ಮ ಹಿತೈಷಿ